ಶಾಲೆ ಬಿಟ್ಟ ಮೇಲಿನ ಮೂರು ಗಂಟೆ

ಶಿವಮೊಗ್ಗದಿಂದ ಸ್ವೀಡನ್ನಿನ ಗೋಥೆನ್‌ಬರ್ಗ್‌ಗೆ ಹೊರಟಿದ್ದೀರಿ. ಗಂಡನಿಗೆ ಇಲ್ಲಿ ಕೆಲಸ, ಮಗಳಿಗೆ ಏಳು ವರ್ಷ. ನೀವು ಕೇಳಿದ್ದು ಇಷ್ಟು: ಶಾಲೆ ಮಧ್ಯಾಹ್ನವೇ ಬಿಟ್ಟುಬಿಡುತ್ತದಂತೆ, ಆಮೇಲೆ ಸಂಜೆವರೆಗೆ ಮಕ್ಕಳನ್ನು ನೋಡಿಕೊಳ್ಳುವ ಫ್ರಿಟೀಡ್ಸ್ ಅಂತೆ. ಅಲ್ಲಿ ಏನು ಹೇಳಿಕೊಡುತ್ತಾರೆ, ಇಲ್ಲಾ ಸುಮ್ನೆ ಕೂರಿಸಿಕೊಂಡಿರುತ್ತಾರಾ? ದುಡ್ಡು ಎಷ್ಟು? ನಾವು ಮೊಟ್ಟೆಯನ್ನೂ ತಿನ್ನದವರು, ತಿಂಡಿಗೆ ಏನು ಗತಿ? ನಾನು ಹೇಗೂ ಮನೆಯಲ್ಲೇ ಇರುತ್ತೇನೆ, ಶಾಲೆ ಬಿಟ್ಟ ಕೂಡಲೇ ಕರೆದುಕೊಂಡು ಬಂದರೆ ಆಗಲ್ವಾ?

ಆ ಕೊನೆಯ ಪ್ರಶ್ನೆ ಇದೆಯಲ್ಲ, ಅದಕ್ಕೇ ನಾನು ಬರೆಯಲು ಕೂತದ್ದು. ಉಳಿದವನ್ನು ಮೊದಲು ಮುಗಿಸಿಬಿಡುತ್ತೇನೆ.

ದುಡ್ಡಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಶಾಲೆ ಪೂರ್ತಿ ಉಚಿತ, ಮಧ್ಯಾಹ್ನದ ಊಟವೂ ಸೇರಿ. ಫ್ರಿಟೀಡ್ಸ್‌ಗೆ ಮಾತ್ರ ಶುಲ್ಕ ಇದೆ. ಒಂದು ಮಗುವಿಗೆ ಮನೆಯ ಆದಾಯದ ಶೇ. 2, ಎರಡನೆಯ ಮಗು ಇದ್ದರೆ ಅದಕ್ಕೆ ಶೇ. 1, ಅಷ್ಟೇ. ಸಂಬಳ ಎಷ್ಟೇ ಜಾಸ್ತಿ ಇದ್ದರೂ ಒಂದು ಮಿತಿ ದಾಟಿ ತೆಗೆದುಕೊಳ್ಳುವಂತಿಲ್ಲ. ಆದರೆ ಜಾಗ ಕೊಡುವುದು ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೋ ಓದಿಗೋ ಹೋಗುತ್ತಾರೆ ಅನ್ನುವ ಲೆಕ್ಕದ ಮೇಲೆ. ಮನೆಯಲ್ಲೇ ಇರುತ್ತೇನೆ ಅಂದಿರಲ್ಲ, ಇರಬೇಡಿ. ಗುರುತಿನ ಸಂಖ್ಯೆ ಬಂದ ಕೂಡಲೇ ಎಸ್‌ಎಫ್‌ಐ ಸೇರಿಕೊಳ್ಳಿ. ಹೊರಗಿನಿಂದ ಬಂದವರಿಗೆ ನಗರಸಭೆ ನಡೆಸುವ ಸ್ವೀಡಿಷ್ ಕ್ಲಾಸು ಅದು, ದುಡ್ಡಿಲ್ಲ. ನೀವು ಓದುತ್ತಿದ್ದೀರಿ ಅಂತಾದರೆ ಮಗಳಿಗೆ ಜಾಗ ಕೇಳುವುದಕ್ಕೂ ದಾರಿ ಆಗುತ್ತದೆ.

ತಿಂಡಿ. ಎರಡು ಗಂಟೆ ಸುಮಾರಿಗೆ ಮೆಲ್ಲನ್‌ಮೋಲ್ ಅಂತ ಕೊಡುತ್ತಾರೆ. ಬ್ರೆಡ್ಡು, ಬೆಣ್ಣೆ, ಹಪ್ಪಳದಂತೆ ಕಟಕಟ ಅನ್ನುವ ಒಣ ರೊಟ್ಟಿ, ಮಜ್ಜಿಗೆಗಿಂತ ಗಟ್ಟಿ ಮೊಸರಿಗಿಂತ ತೆಳು ಇರುವ ಫಿಲ್ ಅನ್ನೋದು, ಸೇಬು. ಇದರಲ್ಲಿ ತೊಂದರೆ ಇಲ್ಲ. ಶಾಲೆ ಸೇರಿಸುವಾಗಲೇ ಆಹಾರದ ಫಾರಂನಲ್ಲಿ ಮೊಟ್ಟೆ ಇಲ್ಲ, ಜೆಲಟಿನ್ ಇಲ್ಲ ಅಂತ ಬರೆದುಕೊಡಿ. ಜೆಲಟಿನ್ ಅಂದರೆ ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆಯುವ ಅಂಟು. ಬರೆದರೆ ಸಾಕು, ಇಲ್ಲಿ ಬರೆದದ್ದನ್ನು ಪಾಲಿಸುತ್ತಾರೆ. ಬಾಯಲ್ಲಿ ಹೇಳಿದರೆ ಮರೆತುಹೋಗುತ್ತದೆ. ಹುಟ್ಟುಹಬ್ಬಕ್ಕೆ ಹಂಚುವ ಮೆತ್ತನೆ ಮಿಠಾಯಿಗಳಲ್ಲಿ ಜೆಲಟಿನ್ ಇರುವುದೇ ಹೆಚ್ಚು, ಅದನ್ನು ಮಗಳಿಗೇ ಕಲಿಸಿಡಿ.

ಬಟ್ಟೆ ಬಗ್ಗೆ ನೀವು ಕೇಳಿಲ್ಲ. ಕೇಳಬೇಕಿತ್ತು. ಈ ಊರಿನಲ್ಲಿ ಹಿಮಕ್ಕಿಂತ ಮಳೆ ಜಾಸ್ತಿ. ಮಲೆನಾಡಿನವರಿಗೆ ಮಳೆ ಏನು ಹೊಸದಾ ಅಂತ ನಾನೂ ಅಂದುಕೊಂಡೇ ಬಂದವಳು. ನಾವು ಬಂದದ್ದು ನವೆಂಬರಿನಲ್ಲಿ. ಮೊದಲ ವಾರ ಮಗಳನ್ನು ಕರೆಯಲು ಹೋದರೆ ಮಕ್ಕಳೆಲ್ಲ ಹೊರಗೆ, ಮಳೆಯಲ್ಲಿ. ನಮ್ಮ ಊರಲ್ಲಾದರೆ 'ಶೀತ ಆಗುತ್ತೆ, ಒಳಗೆ ಬಾ' ಅಂತ ನಾಲ್ಕು ಮನೆಯಿಂದ ಕೂಗು ಬಂದಿರೋದು. ಇಲ್ಲಿ ಟೀಚರೂ ಅವರ ಜೊತೆಯಲ್ಲೇ ನೆನೆಯುತ್ತ ನಿಂತಿದ್ದರು. ಒಳಗೆ ಬಾಗಿಲ ಪಕ್ಕ ಆಳೆತ್ತರದ ಬೀರು, ಅದರಲ್ಲಿ ಬಿಸಿಗಾಳಿ ಓಡುತ್ತಿರುತ್ತದೆ. ಕೈಗವಸು, ಟೋಪಿ, ಕಾಲುಚೀಲ ಎಲ್ಲ ಸಾಲಾಗಿ ನೇತಾಡುತ್ತಿರುತ್ತವೆ. ಒದ್ದೆ ಉಣ್ಣೆಯ ವಾಸನೆ ಮೂಗಿಗೆ ಹೊಡೆಯುತ್ತದೆ. ರಬ್ಬರಿನಂಥ ಮಳೆಪ್ಯಾಂಟು, ಬೂಟು, ಎರಡು ಜೊತೆ ಕೈಗವಸು, ಇಷ್ಟು ಇಲ್ಲೇ ಕೊಳ್ಳಿ, ಸೆಕೆಂಡ್‌ಹ್ಯಾಂಡ್ ಅಂಗಡಿಯಲ್ಲಿ ಚೆನ್ನಾಗಿರುವುದೇ ಸಿಗುತ್ತದೆ. ನಾಚಿಕೊಳ್ಳಬೇಕಾಗಿಲ್ಲ, ಇಲ್ಲಿಯವರೂ ಹಾಗೇ ಕೊಳ್ಳುತ್ತಾರೆ. ಎಲ್ಲದಕ್ಕೂ ಹೆಸರು ಹಚ್ಚಿ.

ಇನ್ನು, ಏನು ಹೇಳಿಕೊಡುತ್ತಾರೆ ಅನ್ನೋದು. ನೀವು ಅಂದುಕೊಂಡ ಅರ್ಥದಲ್ಲಿ ಏನೂ ಇಲ್ಲ. ಹೋಂವರ್ಕ್ ಮಾಡಿಸುವುದಿಲ್ಲ, ಟೈಂಟೇಬಲ್ ಇಲ್ಲ. ಹಾಗಂತ ಆಯಾ ಕೆಲಸವೂ ಅಲ್ಲ. ಫ್ರಿಟೀಡ್ಸ್ ಟೀಚರ್ ಆಗುವುದಕ್ಕೆಂದೇ ವಿಶ್ವವಿದ್ಯಾಲಯದಲ್ಲಿ ಮೂರು ವರ್ಷದ ಪದವಿ ಇದೆ. 2016ರಿಂದ ದೇಶದ ಪಠ್ಯಕ್ರಮದಲ್ಲೇ ಫ್ರಿಟೀಡ್ಸ್‌ಗೆ ಬೇರೆ ಅಧ್ಯಾಯ ಇದೆ. ಅಲ್ಲಿರುವ ಎಲ್ಲರೂ ಆ ಪದವಿ ಮಾಡಿದವರಲ್ಲ, ಗುಂಪುಗಳೂ ದೊಡ್ಡವು, ಅದು ಬೇರೆ ಮಾತು.

ಆಟಗಳಲ್ಲಿ ಮೊದಲು ಬರುವುದು ಕಿಂಗ್. ನೆಲದ ಮೇಲೆ ನಾಲ್ಕು ಚೌಕ, ಒಂದು ಚೆಂಡು. ನಿಮ್ಮ ಚೌಕಕ್ಕೆ ಬಂದ ಚೆಂಡನ್ನು ಕೈಯಿಂದ ತಟ್ಟಿ ಇನ್ನೊಬ್ಬರ ಚೌಕಕ್ಕೆ ದಾಟಿಸಬೇಕು. ತಪ್ಪಿದವರು ಹಿಂದಿನ ಚೌಕಕ್ಕೆ, ಇಲ್ಲಾ ಸಾಲಿನ ಕೊನೆಗೆ. ಆಡುವುದಕ್ಕಿಂತ ಜಗಳ ಜಾಸ್ತಿ. ಗೆರೆ ಮೇಲೆ ಬಿತ್ತು, ಬೀಳಲಿಲ್ಲ, ನೀನು ಎರಡು ಸಲ ಮುಟ್ಟಿದೆ. ಭಾಷೆ ಬಾರದ ಮಗುವೂ ಇದನ್ನು ಆಡಬಹುದು. ಆಮೇಲೆ ವಾದ ಮಾಡಬೇಕಾದಾಗ ಮಾತು ತಾನೇ ಬರುತ್ತದೆ. ನನ್ನ ಮಗ ಪೂರ್ತಿಯಾಗಿ ಆಡಿದ ಮೊದಲ ಸ್ವೀಡಿಷ್ ವಾಕ್ಯವೇ 'ನಾನು ಔಟಲ್ಲ'.

ಒಳಗೆ ಕೂರುವ ಮಕ್ಕಳಿಗೆ ಪ್ಯಾರ್ಲ್‌ಪ್ಲಾಟ. ಮುಳ್ಳುಮುಳ್ಳು ಇರುವ ಪ್ಲಾಸ್ಟಿಕ್ ತಟ್ಟೆ, ಅದರ ಮೇಲೆ ಸಣ್ಣ ಬಣ್ಣದ ಕೊಳವೆಮಣಿ ಒಂದೊಂದಾಗಿ ಜೋಡಿಸುವುದು. ಮುಗಿದ ಮೇಲೆ ಟೀಚರು ಕಾಗದ ಇಟ್ಟು ಇಸ್ತ್ರಿ ಹಾಕಿದರೆ ಎಲ್ಲ ಅಂಟಿಕೊಂಡು ಗಟ್ಟಿ ಬಿಲ್ಲೆ ಆಗುತ್ತದೆ. ರಂಗೋಲಿ ಇಡುವ ಮನೆಯಿಂದ ಬಂದ ಮಕ್ಕಳು ಇದರಲ್ಲಿ ಮಿಂಚುತ್ತಾರೆ, ನೋಡುತ್ತಿರಿ. ನಮ್ಮ ಮನೆಯ ಒಂದು ಡ್ರಾಯರ್ ತುಂಬ ಈ ಬಿಲ್ಲೆಗಳೇ, ಎಸೆಯಲು ಬಿಡುವುದಿಲ್ಲ.

ವಾರಕ್ಕೊಮ್ಮೆಯಾದರೂ ಕಾಡಿಗೆ ಹೋಗುತ್ತಾರೆ. ಕಾಡು ಅಂದರೆ ಶಾಲೆ ಹಿಂದಿನ ಗುಡ್ಡ, ಹೆದರಬೇಡಿ. ಎಲ್ಲರಿಗೂ ಹೊಳೆಯುವ ಹಳದಿ ಕೋಟು ಹಾಕಿಸುತ್ತಾರೆ. ಅಲ್ಲಿ ಬೆಂಕಿ ಹಾಕಿ, ಮೈದಾ ಹಿಟ್ಟನ್ನು ಹಾವಿನಂತೆ ಉದ್ದಕ್ಕೆ ಹೊಸೆದು, ಕಡ್ಡಿಗೆ ಸುತ್ತಿ ಕೆಂಡದ ಮೇಲೆ ತಿರುಗಿಸುತ್ತ ಸುಡುತ್ತಾರೆ. ಅವಸರದ ಮಕ್ಕಳದು ಹೊರಗೆ ಸೀದು ಒಳಗೆ ಹಸಿ. ತಾಳ್ಮೆ ಇದ್ದವರದು ಕಡ್ಡಿಯಿಂದ ಕೊಳವೆಯ ಹಾಗೆ ಜಾರಿ ಬರುತ್ತದೆ, ಆ ತೂತಿನೊಳಗೆ ಜ್ಯಾಮು ತುಂಬಿ ತಿನ್ನುತ್ತಾರೆ. ಜೊತೆಗೆ ಮಾಂಸದ ಸಾಸೇಜ್ ಸುಡುವುದೂ ಉಂಟು. ಆ ದಿನ ಮೊದಲೇ ತಿಳಿಸುತ್ತಾರೆ, ಸೋಯಾದ್ದು ಡಬ್ಬಿಯಲ್ಲಿ ಹಾಕಿ ಕಳಿಸಿ. ಸ್ವಲ್ಪ ದೊಡ್ಡವರಾದ ಮೇಲೆ ಚಾಕುವಿನಿಂದ ಕಡ್ಡಿ ಕೆತ್ತುವುದನ್ನೂ ಕಲಿಸುತ್ತಾರೆ. ಚಾಕು ಅಂದ ಕೂಡಲೇ ನಿಮ್ಮ ಎದೆ ಝಲ್ಲೆಂದಿರಬೇಕು. ಕೂತೇ ಕೆತ್ತಬೇಕು, ಚಾಕುವನ್ನು ಮೈಯಿಂದ ಆಚೆಗೆ ತಳ್ಳಬೇಕು, ಚಾಕು ಹಿಡಿದು ಓಡಾಡುವಂತಿಲ್ಲ ಅಂತ ಕಟ್ಟುನಿಟ್ಟು ಇದೆ.

ಹಿಮ ಬಿದ್ದ ದಿನ ಮಾತ್ರ ಬೇರೆ ಎಲ್ಲ ಆಟ ಬಂದ್. ಈ ಊರಲ್ಲಿ ಹಿಮ ನಿಲ್ಲುವುದು ಯಾವಾಗಲೋ ಒಮ್ಮೆ. ಹಾಗಾಗಿ ಕರಗುವುದರೊಳಗೆ ಅಂತ ಎಲ್ಲರನ್ನೂ ಪ್ಲಾಸ್ಟಿಕ್ ಜಾರುಬಂಡಿಯೊಂದಿಗೆ ಗುಡ್ಡಕ್ಕೆ ಓಡಿಸುತ್ತಾರೆ. ಡಿಸೆಂಬರ್ 13ಕ್ಕೆ ಲೂಸಿಯಾ ಹಬ್ಬ. ಬಿಳಿ ಅಂಗಿ ತೊಟ್ಟು ದೀಪ ಹಿಡಿದು ಹಾಡುತ್ತಾರೆ, ಕೇಸರಿ ಹಾಕಿದ ಬನ್ನು ಕೊಡುತ್ತಾರೆ. ರಜೆಯಲ್ಲೂ ಫ್ರಿಟೀಡ್ಸ್ ಇರುತ್ತದೆ. ಆಗ ಸ್ಲಾಟ್ಸ್‌ಸ್ಕೋಗನ್ ಪಾರ್ಕಿಗೆ ಕರೆದುಕೊಂಡು ಹೋಗಿ ಸೀಲು, ಪೆಂಗ್ವಿನ್ ತೋರಿಸಿಕೊಂಡು ಬರುತ್ತಾರೆ. ಟಿಕೆಟ್ಟೂ ಇಲ್ಲ. ರಜೆಯನ್ನು ಇಲ್ಲಿಯವರು ವರ್ಷದ ಎಷ್ಟನೇ ವಾರ ಅನ್ನುವ ಲೆಕ್ಕದಲ್ಲಿ ಹೇಳುತ್ತಾರೆ. ಫೆಬ್ರವರಿ ರಜೆ ನಮ್ಮಲ್ಲಿ ಏಳನೇ ವಾರ, ಸ್ಟಾಕ್‌ಹೋಮ್‌ನಲ್ಲಿ ಒಂಬತ್ತನೇ ವಾರ. ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಡಿ.

ಅಂಥ ಒಂದು ರಜೆಯಲ್ಲಿ, ನಿಮ್ಮ ದೇಶದ ಆಟ ಏನಾದರೂ ತೋರಿಸುತ್ತೀರಾ ಅಂತ ಕೇಳಿದರು. ಕವಡೆ ಹಿಡಿದುಕೊಂಡು ಹೋದೆ. ಅಂಗಳದಲ್ಲಿ ಸೀಮೆಸುಣ್ಣದಿಂದ ಚೌಕಾಬಾರದ ಮನೆ ಬರೆದೆ. ಒಬ್ಬರ ಕಾಯಿ ಇನ್ನೊಬ್ಬರು ಕಡಿಯಬಹುದು ಅಂತ ಗೊತ್ತಾದದ್ದೇ ತಡ, ಆ ಶಾಂತ ಸ್ವಭಾವದ ಮಕ್ಕಳ ಗಲಾಟೆ ನೋಡಬೇಕಿತ್ತು. ಮರುದಿನದ ಮಳೆಗೆ ಮನೆ ಅಳಿಸಿಹೋಯಿತು. ಟೀಚರು ಅಷ್ಟರಲ್ಲಿ ರಟ್ಟಿನ ಮೇಲೆ ಬರೆದಿಟ್ಟುಕೊಂಡಿದ್ದರು. ನೀವು ಬರುವಾಗ ಕವಡೆ ತನ್ನಿ, ಇಲ್ಲಿ ಸಿಗುವುದಿಲ್ಲ.

ಈಗ ಆ ಕೊನೆಯ ಪ್ರಶ್ನೆ. ಬೇಗ ಕರೆದುಕೊಂಡು ಬಂದರೆ ಆಗಲ್ವಾ? ಆಗುತ್ತದೆ. ಯಾರೂ ತಡೆಯುವುದಿಲ್ಲ. ಎಷ್ಟು ಗಂಟೆಗೆ ಬರುತ್ತೀರಿ ಅಂತ ತಿಳಿಸಿದರೆ ಸರಿ, ಮಗುವಿಗೆ ಕೋಟು ಹಾಕಿ ಬಾಗಿಲಿಗೆ ತಂದು ನಿಲ್ಲಿಸುತ್ತಾರೆ.

ನಮ್ಮವರು ಹೆಚ್ಚಿನವರು ಹಾಗೇ ಮಾಡುತ್ತಾರೆ, ಅದಕ್ಕೆ ಕಾರಣವೂ ಇದೆ. ಇಲ್ಲಿಗೂ ಊರಿಗೂ ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ವ್ಯತ್ಯಾಸ. ಸಂಗೀತದ ಮೇಷ್ಟ್ರು, ಗಣಿತದ ಮೇಡಮ್ಮು, ಶ್ಲೋಕ ಹೇಳಿಕೊಡುವವರು, ಎಲ್ಲರೂ ಊರಿನಿಂದಲೇ ಆನ್‌ಲೈನ್‌ನಲ್ಲಿ. ಅವರಿಗೆ ಬಿಡುವಾಗುವುದು ಸಂಜೆ ಏಳಕ್ಕೆ. ಆಗ ಇಲ್ಲಿ ಮಧ್ಯಾಹ್ನ ಎರಡೂವರೆ. ಸರಿಯಾಗಿ ಮಕ್ಕಳು ಬ್ರೆಡ್ಡು ತಿಂದು, ಕೈ ಒರೆಸಿಕೊಂಡು ಅಂಗಳಕ್ಕೆ ಓಡುವ ಹೊತ್ತು.

ನನ್ನ ಮಗಳಿಗೆ ಮೈಸೂರಿನ ಮೇಷ್ಟ್ರು ಸಿಕ್ಕಿದ್ದರು. ಒಳ್ಳೆಯ ಪಾಠ, ಅಂಥವರು ಸಿಗುವುದು ಪುಣ್ಯ. ಸಂಗೀತಕ್ಕೆ ಎರಡು ದಿನ, ಗಣಿತಕ್ಕೆ ಒಂದು ದಿನ. ಒಂದು ಸಲ ಟೀಚರು ಮೆಲ್ಲಗೆ ಹೇಳಿದರು, 'ಅವಳಿಗೆ ಗುಂಪಿನಲ್ಲಿ ಒಂದು ಪಾತ್ರ ಸಿಕ್ಕಿರುತ್ತದೆ, ಅಷ್ಟರಲ್ಲಿ ಹೊರಡುತ್ತಾಳೆ' ಅಂತ. ಆ ಶರತ್ಕಾಲ ಅವಳ ತರಗತಿಯ ಹುಡುಗಿಯರು ಗುಡ್ಡದ ಮೇಲೆ ಗುಡಿಸಲು ಕಟ್ಟುತ್ತಿದ್ದರು. ಕೋಯಾ ಅನ್ನುತ್ತಾರೆ ಇಲ್ಲಿ. ಬಿದ್ದ ಕೊಂಬೆ ತಂದು ಮರಕ್ಕೆ ಒರಗಿಸಿ, ಎಲೆ ಹೊದಿಸಿ, ಕಲ್ಲಿನ ಒಲೆ ಮಾಡಿ, ಯಾರು ಎಲ್ಲಿ ಕೂರಬೇಕು ಅಂತ ನಿಯಮ ಮಾಡಿ. ಅದು ವಾರಗಟ್ಟಲೆ ನಡೆಯುವ ಕೆಲಸ. ದಿನ ಬಿಟ್ಟು ದಿನ ಬರುವವಳಿಗೆ ಅದರಲ್ಲಿ ಕೂರುವ ಜಾಗ ಇರಲಿಲ್ಲ. ಯಾರೂ ಬೇಡ ಅನ್ನಲಿಲ್ಲ, ಬಾ ಅನ್ನುವುದಕ್ಕೆ ಅವಳು ಅಲ್ಲಿರಲಿಲ್ಲ, ಅಷ್ಟೆ. ಆ ಗುಡಿಸಲಿನ ಹುಡುಗಿಯರೇ ಮುಂದೆ ಆರನೇ ತರಗತಿವರೆಗೂ ಒಂದು ಗುಂಪು.

ಇವತ್ತು ಅವಳು ವರ್ಣ ಹಾಡಿದರೆ ಊರಿನಿಂದ ಬಂದವರು ತಲೆದೂಗುತ್ತಾರೆ. ಕನ್ನಡವನ್ನು ಅಚ್ಚುಕಟ್ಟಾಗಿ ಮಾತಾಡುತ್ತಾಳೆ. ನನಗೆ ಹೆಮ್ಮೆ ಇಲ್ಲ ಅಂದರೆ ಸುಳ್ಳಾಗುತ್ತದೆ. ಅವಳಿಗಿಂತ ಚಿಕ್ಕವನು ಐದು ಗಂಟೆವರೆಗೆ ಫ್ರಿಟೀಡ್ಸ್‌ನಲ್ಲೇ ಬೆಳೆದ. ಸರಳೆವರಸೆಗೂ ಕೂರಲಿಲ್ಲ, ಅಜ್ಜಿಯ ಜೊತೆ ಫೋನಿನಲ್ಲಿ ಎರಡು ಮಾತಿಗೆ ತಡವರಿಸುತ್ತಾನೆ. ಆದರೆ ಶನಿವಾರ ಬೆಳಗಾದರೆ ಅವನನ್ನು ಕೇಳಿಕೊಂಡು ಬಾಗಿಲಿಗೆ ಹುಡುಗರು ಬರುತ್ತಾರೆ. ಮಗಳು ಅದನ್ನು ನೋಡಿ ಒಮ್ಮೆ ಅಂದಳು, 'ಅಮ್ಮ, ನನಗೆ ಹಾಡೂ ಬೇಕಿತ್ತು, ಕೋಯಾನೂ ಬೇಕಿತ್ತು.' ಇದಕ್ಕೆ ನಾನು ಏನು ಹೇಳಲಿ? ಇಬ್ಬರಲ್ಲಿ ಯಾರಿಗೆ ಸರಿ ಮಾಡಿದೆ ಅಂತ ಗಂಡ ಹೆಂಡತಿ ಇವತ್ತಿಗೂ ವಾದ ಮಾಡುತ್ತೇವೆ.

ಹಾಗಾಗಿ ಮೊದಲ ವರ್ಷವಾದರೂ ಬೇಗ ಕರೆದುಕೊಂಡು ಬರಬೇಡಿ. ನಾಲ್ಕರವರೆಗೆ ಬಿಡಿ. ಮೊದಲ ತಿಂಗಳು ಅಳಬಹುದು, ಮೂಲೆಯಲ್ಲಿ ಮಣಿ ಜೋಡಿಸುತ್ತ ಕೂರಬಹುದು. ಮನೆಗೆ ಬಂದ ಮೇಲೆ 'ಇವತ್ತು ಏನು ಹೇಳಿಕೊಟ್ಟರು' ಅಂತ ಕೇಳಬೇಡಿ, 'ಯಾರ ಜೊತೆ ಆಡಿದೆ' ಅಂತ ಕೇಳಿ. ಇನ್ನೊಂದು ಮಾತು, ಗಟ್ಟಿಯಾಗಿ ಹೇಳುತ್ತೇನೆ. ಅಂಗಳದಲ್ಲಿ ಮಗು ಹಠ ಮಾಡಿತು ಅಂತ ನಮ್ಮ ಕಡೆ ಮಾಡುವ ಹಾಗೆ ಬೆನ್ನಿಗೊಂದು ಕೊಡಬೇಡಿ, ಕೊಡುತ್ತೀನಿ ನೋಡು ಅಂತ ತಮಾಷೆಗೂ ಕೈ ಎತ್ತಬೇಡಿ. 1979ರಿಂದ ಇಲ್ಲಿ ಮಕ್ಕಳಿಗೆ ಹೊಡೆಯುವುದು ಕಾನೂನಿನ ಪ್ರಕಾರ ನಿಷಿದ್ಧ. ಅನುಮಾನ ಬಂದರೆ ಶಾಲೆಯವರು ತಿಳಿಸಲೇಬೇಕು, ಅದು ಅವರ ಕರ್ತವ್ಯ.

ಕನ್ನಡದ ಚಿಂತೆ ಇದ್ದರೆ ಅದಕ್ಕೂ ದಾರಿ ಇದೆ. ಒಂದು ನಗರಸಭೆಯ ವ್ಯಾಪ್ತಿಯಲ್ಲಿ ಐದು ಮಕ್ಕಳು ಕೇಳಿ, ಕಲಿಸುವವರೂ ಸಿಕ್ಕರೆ ಶಾಲೆಯ ಕಡೆಯಿಂದಲೇ ತಾಯ್ನುಡಿ ಪಾಠ ಕೊಡಬೇಕು. ಕಲಿಸುವವರು ಸಿಗುವುದೇ ಕಷ್ಟ. ನಿಮಗೆ ಬಿ.ಎಡ್. ಆಗಿದೆ ಅಂತ ಬರೆದಿದ್ದೀರಲ್ಲ, ಬಂದ ಮೇಲೆ ಈ ವಿಷಯ ಮಾತಾಡೋಣ.

ಸಂಗೀತದ ಮೇಷ್ಟ್ರು ಈಗಲೇ ಗೊತ್ತಾಗಿದ್ದರೆ ಶನಿವಾರ ಸಮಯ ಕೊಡುತ್ತಾರಾ ಅಂತ ಕೇಳಿಡಿ. ಚಳಿಗಾಲದಲ್ಲಿ ಇಲ್ಲಿನ ಬೆಳಿಗ್ಗೆ ಒಂಬತ್ತು ಕೇಳಬೇಡಿ, ಅಲ್ಲಿ ಒಂದೂವರೆ ಆಗಿರುತ್ತದೆ, ಊಟದ ಹೊತ್ತು. ಹತ್ತೂವರೆ ಕೇಳಿ. ಅಲ್ಲಿ ಮೂರು ಗಂಟೆ, ಮೇಷ್ಟ್ರ ನಿದ್ದೆಯೂ ಮುಗಿದಿರುತ್ತದೆ.