ಬೆನ್ನಿಗೆ ಇಂಜೆಕ್ಷನ್ ಅಂದ್ರೆ ಅಮ್ಮನಿಗೆ ಹೆದರಿಕೆ

ಪ್ರಶ್ನೆ: ಅಮ್ಮನಿಗೆ 62 ವರ್ಷ, ಸೊಂಟದಿಂದ ಎಡಕಾಲಿನ ಹೆಬ್ಬೆರಳಿನವರೆಗೆ ಎಳೆತ, ಡಿಸ್ಕ್ ಜಾರಿ ನರಕ್ಕೆ ಒತ್ತಿದೆ ಅಂತ ಎಂಆರ್‌ಐಯಲ್ಲಿ ಉಂಟು. ಮಾತ್ರೆ, ಫಿಸಿಯೋಥೆರಪಿ ಎಲ್ಲ ಆಯ್ತು. ಈಗ ಬೆನ್ನಿಗೆ ಇಂಜೆಕ್ಷನ್ ಅಂತಾರೆ, ನೆರೆಕರೆಯವರು ಕಾಲೇ ಹೋಗ್ತದೆ ಅಂತ ಹೆದರಿಸ್ತಾರೆ. ಶುಗರ್ ಉಂಟು, ಹಾರ್ಟಿಗೆ ರಕ್ತ ತೆಳು ಮಾಡುವ ಮಾತ್ರೆಯೂ ಉಂಟು. ಮಂಗಳೂರಲ್ಲಿ ಒಳ್ಳೆ ಡಾಕ್ಟ್ರನ್ನು ಹುಡುಕುದು ಹೇಗೆ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ನೆರೆಕರೆಯವರದ್ದು ಪೂರ್ತಿ ಸುಳ್ಳಲ್ಲ ಮಾರಾಯ್ರೆ, ಅಪರೂಪಕ್ಕೆ ಲಕ್ವದಂಥ ತೊಂದರೆ ಆದದ್ದುಂಟು, ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2014ರಲ್ಲಿ ಎಚ್ಚರಿಕೆಯೂ ಕೊಟ್ಟಿದೆ. ಆದ್ರೆ ಬೆನ್ನುಹುರಿ ಹೆಚ್ಚಿನವರಲ್ಲಿ ಸೊಂಟದ ಮೇಲ್ಭಾಗದಲ್ಲೇ, ಎಲ್1-ಎಲ್2 ಅನ್ನುವ ಮೂಳೆಗಳ ಹತ್ತಿರ ಮುಗೀತದೆ, ನಿಮ್ಮ ಅಮ್ಮನಿಗೆ ಸೂಜಿ ಹೋಗುದು ಅದಕ್ಕಿಂತ ಕೆಳಗೆ. ಕುತ್ತಿಗೆಯಲ್ಲಾದ್ರೆ ರಿಸ್ಕ್ ಜಾಸ್ತಿ.

ಡಾಕ್ಟ್ರ ಹತ್ರ ಮೊದಲು ಕೇಳ್ಬೇಕಾದ್ದು, ಸಿ-ಆರ್ಮ್ ಇಟ್ಟು ಮಾಡ್ತೀರಾ ಅಂತ. ಅದು ಥಿಯೇಟರಲ್ಲಿರುವ ಎಕ್ಸ್‌ರೇ ಮೆಶಿನ್, ಸೂಜಿ ಎಲ್ಲಿಗೆ ಹೋಯ್ತು ಅಂತ ಸ್ಕ್ರೀನಲ್ಲಿ ಕಾಣ್ತದೆ, ಸ್ವಲ್ಪ ಡೈ ಬಿಟ್ಟು ಅದು ರಕ್ತನಾಳಕ್ಕೆ ಹೋಗ್ತಾ ಇಲ್ಲ ಅಂತ ನೋಡಿದ ಮೇಲೇ ಔಷಧಿ ಬಿಡುದು. ಕೈಯಂದಾಜಲ್ಲಿ ಕ್ಲಿನಿಕ್ಕಲ್ಲೇ ಹಾಕ್ತೇನೆ ಅಂದ್ರೆ ಎದ್ದು ಬನ್ನಿ. ಓದು ಯಾವುದು ಅಂತಲೂ ನೋಡಿ, ಸಾಮಾನ್ಯವಾಗಿ ಅನೆಸ್ತೇಶಿಯಾದಲ್ಲಿ ಎಂಡಿ ಮಾಡಿ ಪೈನ್ ಮೆಡಿಸಿನಲ್ಲಿ, ಅಂದ್ರೆ ನೋವಿನ ಚಿಕಿತ್ಸೆಯಲ್ಲಿ, ಫೆಲೋಶಿಪ್ ಮಾಡಿದವರು ಇರ್ತಾರೆ. ವಾರಕ್ಕೆ ಎಷ್ಟು ಮಾಡ್ತೀರಿ ಅಂತ ಕೇಳ್ಲಿಕ್ಕೆ ನಾಚಿಕೆ ಬೇಡ, ಕೇಳಿದ್ದಕ್ಕೆ ಸಿಡುಕುವವರು ನನ್ನ ಪ್ರಕಾರ ನಿಮಗೆ ಬೇಡ. ಎಂಆರ್‌ಐ ರಿಪೋರ್ಟ್ ಮಾತ್ರ ಓದಿ ಬಿಡದೆ ಫಿಲ್ಮನ್ನೂ ಹಿಡಿದು ನೋಡಿ, ಕಾಲು ಎತ್ತಿಸಿ, ಹೆಬ್ಬೆರಳಿನ ಬಲ ನೋಡುವವರಿಗೇ ನಾನು ಮಾರ್ಕ್ ಕೊಡುದು.

ನೋವಿನ ವಿಷಯ: ಕವುಚಿ ಮಲಗಿಸಿ ಹೊಟ್ಟೆ ಅಡಿಗೆ ದಿಂಬು ಇಟ್ಟು, ಚರ್ಮ ಮರಗಟ್ಟಿಸುವ ಇಂಜೆಕ್ಷನ್ ಮೊದಲು ಕೊಡ್ತಾರೆ, ಅದರ ಉರಿ ಒಂದು ಗಳಿಗೆ. ಪೂರ್ತಿ ಮಂಪರು ಬೇಕು ಅಂತ ಹಠ ಮಾಡ್ಬೇಡಿ, ಸೂಜಿ ನರಕ್ಕೆ ತಾಗಿ ಕಾಲಿಗೆ ಶಾಕ್ ಹೊಡೆದ ಹಾಗೆ ಆದ್ರೆ ಅಮ್ಮ ಎಚ್ಚರ ಇದ್ರೇ ಹೇಳ್ಲಿಕ್ಕೆ ಆಗುದು.

ಹಾರ್ಟಿನ ಮಾತ್ರೆ ನೀವಾಗಿ ನಿಲ್ಲಿಸ್ಲೇಬೇಡಿ. ಕ್ಲೋಪಿಡೋಗ್ರೆಲ್ ಆದ್ರೆ ಸಾಮಾನ್ಯ 7 ದಿನ ಮೊದಲು ಬಿಡಿಸ್ತಾರೆ, ಆದ್ರೆ ಅದು ಹಾರ್ಟಿನ ಡಾಕ್ಟ್ರು ಒಪ್ಪಿದ್ರೆ ಮಾತ್ರ, ಸ್ಟೆಂಟ್ ಹಾಕಿ ಹೆಚ್ಚು ಸಮಯ ಆಗದಿದ್ರೆ ಇಂಜೆಕ್ಷನ್ನೇ ಮುಂದೆ ಹಾಕ್ಬೇಕಾದೀತು. ಇಂಜೆಕ್ಷನ್ನಲ್ಲಿರುವ ಸ್ಟಿರಾಯ್ಡಿಂದ ಕೆಲವು ದಿನ ಶುಗರ್ ಏರ್ತದೆ, ಮನೆಯಲ್ಲಿ ಗ್ಲುಕೋಮೀಟರ್ ಇರ್ಲಿ. ಈ ಇಂಜೆಕ್ಷನ್ ಡಿಸ್ಕನ್ನು ಸರಿ ಮಾಡುದಿಲ್ಲ, ನರದ ಊತ ಇಳಿಸ್ತದೆ ಅಷ್ಟೆ, ಕೆಲವರಿಗೆ ತಿಂಗಳುಗಟ್ಟಲೆ ಆರಾಮ, ಕೆಲವರಿಗೆ ಏನೂ ಇಲ್ಲ. ಗ್ಯಾರಂಟಿ ಕೊಡುವವರನ್ನು ನಂಬ್ಬೇಡಿ.

ಬರುವಾಗ ಬಸ್ಸು ಬೇಡ, ಆ ದಿನ ಕಾರು ಮಾಡಿ. ಆಮೇಲೆ ಜ್ವರ ಬಂದ್ರೆ, ಕೂತ್ರೆ ಹೆಚ್ಚಾಗಿ ಮಲಗಿದ್ರೆ ಇಳಿಯುವ ತಲೆನೋವು ಬಂದ್ರೆ ಡಾಕ್ಟ್ರಿಗೆ ಫೋನ್ ಮಾಡಿ. ಮೂತ್ರ ಕಟ್ಟಿದ್ರೆ, ತೊಡೆ ಸಂದು ಜೋಮು ಹಿಡಿದ್ರೆ, ಕಾಲು ಸೋತ್ರೆ ಬೆಳಿಗ್ಗೆವರೆಗೆ ಕಾಯ್ಬೇಡಿ, ರಾತ್ರಿಯಾದ್ರೂ ಹತ್ತಿರದ ಕ್ಯಾಶುವಾಲಿಟಿಗೆ ಹೋಗಿ.