47 + 38 = 715: ದಶಕ ‘ಮರೆಯುವ’ ಹುಡುಗ

ಮಗನ ಲೆಕ್ಕದ ತೊಂದರೆಗೆ ಸಲಹೆ ಕೇಳಿ ನಮ್ಮಲ್ಲಿಗೆ ಬಂದಿದ್ದ ಮಂಡ್ಯದ ಕುಟುಂಬ. ಹುಡುಗನಿಗೆ ಎಂಟು ವರ್ಷ, ಮೂರನೇ ತರಗತಿ (ಗುರುತು ಸಿಗುವ ವಿವರಗಳನ್ನು ಬದಲಿಸಲಾಗಿದೆ). ಲೆಕ್ಕದ ಹೋಂವರ್ಕ್ ಇದ್ದ ಸಂಜೆ ಹೊಟ್ಟೆನೋವು, ಉಳಿದ ದಿನ ಇಲ್ಲ. ವೈದ್ಯರು ಪರೀಕ್ಷಿಸಿ ಏನೂ ತೊಂದರೆಯಿಲ್ಲ ಎಂದಿದ್ದರು. ತಾಯಿಯ ದೂರು ಒಂದೇ: “ಎಷ್ಟು ಸಲ ಹೇಳ್ಕೊಟ್ರೂ ದಶಕ ಹಾಕೋದು ಮರೀತಾನೆ ಮೇಡಂ. ಹೊಡೆದೂ ನೋಡ್ದೆ.”

ನೋಟ್‌ಬುಕ್ಕಿನಲ್ಲಿ 47 + 38ಕ್ಕೆ 715 ಎಂದು ಬರೆದಿದ್ದ. ದಶಕ, ಅಂದರೆ 15ರ ಹತ್ತನ್ನು ಹತ್ತರ ಸ್ಥಾನಕ್ಕೆ ಒಯ್ಯುವುದನ್ನು, ಮರೆತಿದ್ದರೆ 75 ಬರಬೇಕಿತ್ತು. ಇವನು 7 + 8 = 15, 4 + 3 = 7 ಎಂದು ಸರಿಯಾಗಿಯೇ ಕೂಡಿ ಎರಡನ್ನೂ ಪಕ್ಕಪಕ್ಕ ಇಟ್ಟಿದ್ದಾನೆ. ಆ 7 ಎಂದರೆ ಎಪ್ಪತ್ತು ಅನ್ನುವುದು ಕಂಬಸಾಲಿನೊಳಗೆ (ಸಂಖ್ಯೆಗಳನ್ನು ಒಂದರ ಕೆಳಗೊಂದು ಬರೆದು ಕೂಡುವ ಕ್ರಮ) ಅವನಿಗೆ ಕಾಣುತ್ತಿಲ್ಲ. ಪೆನ್ಸಿಲ್ ಪಕ್ಕಕ್ಕಿಡಿಸಿ, “ನಿನ್ನ ಹತ್ರ ನಲವತ್ತೇಳು ರೂಪಾಯಿ ಇದೆ, ಅಜ್ಜಿ ಮೂವತ್ತೆಂಟು ಕೊಟ್ರು” ಎಂದಾಗ, “ಎಪ್ಪತ್ತು... ಎಂಬತ್ತೈದು” ಎಂದ. ಹತ್ತುಗಳಿಂದ ಶುರುಮಾಡಿದ್ದ. ಕನ್ನಡದಲ್ಲಿ ನಲವತ್ತು ಮೊದಲು, ಏಳು ಆಮೇಲೆ ತಾನೇ? ಬಾಯಿಲೆಕ್ಕ ಎಡದಿಂದ ಹೊರಡುತ್ತದೆ, ಕಂಬಸಾಲು ಬಲದಿಂದ. ತಿಕ್ಕಾಟ ಅಲ್ಲಿದೆ.

ಮೂರು ವಾರ ಮನೆಯಲ್ಲಿ ಕಂಬಸಾಲಿನ ಲೆಕ್ಕ ಬೇಡ ಎಂದೆವು. ಮೊದಲ ವಾರ ಹತ್ತರ ಜೋಡಿಗಳು ಮಾತ್ರ, ದಿನಕ್ಕೆ ಐದು ನಿಮಿಷ: ಹತ್ತು ಬೆರಳು ಚಾಚಿ ಮೂರು ಮಡಚು, ಉಳಿದದ್ದೆಷ್ಟು? 9 + 1, 8 + 2 ಅವನಿಗೆ ಬಾಯಲ್ಲೇ ಇತ್ತು. 7 + 3, 6 + 4ರಲ್ಲಿ ತಡವರಿಸುತ್ತಿದ್ದ. ಇದು ಪಳಗದಿದ್ದರೆ ಮುಂದಿನ ಯಾವ ಉಪಾಯವೂ ನಿಲ್ಲುವುದಿಲ್ಲ.

ಎರಡನೇ ವಾರ ಪೊರಕೆ ಕಡ್ಡಿ. ಬೆರಳುದ್ದದ ನೂರು ತುಂಡು, ಒಂದಷ್ಟು ರಬ್ಬರ್ ಬ್ಯಾಂಡ್. ನಾಲ್ಕು ಕಟ್ಟು ಏಳು ಬಿಡಿ, ಮೂರು ಕಟ್ಟು ಎಂಟು ಬಿಡಿ. ಕಟ್ಟುಗಳನ್ನು ಮೊದಲು ಕೂಡಿಸಲಿ. ಆಮೇಲೆ 15 ಬಿಡಿಯಲ್ಲಿ ಹತ್ತನ್ನು ಅವನ ಕೈಯಲ್ಲೇ ಕಟ್ಟಿಸಬೇಕು. ದಶಕ ಎಂದರೆ ಆ ಕಟ್ಟುವ ಕೆಲಸ. ಅಮ್ಮ ಕಟ್ಟಿಕೊಟ್ಟರೆ ಆಟ ಉಳಿಯುತ್ತದೆ, ಲೆಕ್ಕ ಹೋಗುತ್ತದೆ. ಅದನ್ನೇ ಹಾಳೆಯ ಮೇಲೆ: 40 + 30 = 70; 7 + 8 = 15; 70 + 15 = 85. ಮೂರೂ ಬೇರೆಬೇರೆ ಸಾಲಿನಲ್ಲಿ. 40 + 30 = 70 + 15 = 85 ಎಂದು ಒಂದೇ ಉಸಿರಿನಲ್ಲಿ ಬರೆಯಲು ಬಿಡಬಾರದು; 40 + 30 ಎಂದರೆ 85 ಅಲ್ಲವಲ್ಲ.

ಮೂರನೇ ವಾರ ನೆಗೆತ. ಖಾಲಿ ಗೆರೆ ಎಳೆದು 47 ಬರೆದು, ಅಲ್ಲಿಂದ 30 ನೆಗೆದು 77, ಮೂರು ನೆಗೆದು 80, ಉಳಿದ ಐದಕ್ಕೆ 85. ಇವನು 8ನ್ನು 3 ಮತ್ತು 5 ಮಾಡುವುದು ಬಿಟ್ಟು 77ರಿಂದ ಬೆರಳೆಣಿಸುತ್ತಿದ್ದ, ಅದೂ 77ನ್ನೇ ಒಂದು ಎಂದು ಎಣಿಸಿ 84 ಹೇಳುತ್ತಿದ್ದ. ಹಾಗಾದಾಗ ಮತ್ತೆ ಎರಡು ದಿನ ಹತ್ತರ ಜೋಡಿಗೆ ಹಿಂತಿರುಗಿ ಎಂದೆವು.

38ನ್ನು 40 ಮಾಡಿ, 87 ಬಂದ ಮೇಲೆ ಎರಡು ಕಳೆಯುವುದು ಕೊನೆಯ ಉಪಾಯ. ಕಳೆಯುವ ಬದಲು ಕೂಡಿ 89 ಮಾಡುವ ಮಕ್ಕಳೂ ಇದ್ದಾರೆ. “ಅಂಗಡಿಯವನಿಗೆ ಎರಡು ರೂಪಾಯಿ ಜಾಸ್ತಿ ಕೊಟ್ಟೆ, ವಾಪಸ್ ಇಸ್ಕೋ” ಎಂದರೆ ಸರಿಹೋಗುತ್ತದೆ.

ತಂದೆಯ ಪ್ರಶ್ನೆ: “ಪರೀಕ್ಷೇಲಿ ಮಿಸ್ ಇದಕ್ಕೆ ಮಾರ್ಕ್ಸ್ ಕೊಡ್ತಾರಾ?” ನ್ಯಾಯವಾದ ಪ್ರಶ್ನೆಯೇ. ನಾಲ್ಕನೇ ವಾರ ಕಂಬಸಾಲಿನ ಕೆಳಗೆ 70, 15 ಎಂದು ಎರಡು ಸಾಲು ಬರೆದು ಕೂಡಲಿ. ಎರಡು ದಿನ ಬಿಟ್ಟು 15 ಮೊದಲು, 70 ಆಮೇಲೆ. ಉತ್ತರ ಬದಲಾಗದ್ದನ್ನು ಅವನೇ ನೋಡಲಿ. 15ರ ಒಂದನ್ನು ಹತ್ತರ ಸ್ಥಾನದ ಮೇಲೆ ಬರೆಯುವುದು ಆಗ ಬರಲಿ.

ತಾಯಿಗೆ ಹೇಳಿದ್ದು: ಹೊಡೆತ ಪೂರ್ತಿ ನಿಲ್ಲಬೇಕು. ಹದಿನೈದು ನಿಮಿಷ, ನಾಲ್ಕೇ ಲೆಕ್ಕ. “ಹೇಗ್ ಮಾಡ್ದೆ, ಹೇಳು ಮಗ” ಎಂದು ಸರಿ ಉತ್ತರಕ್ಕೂ ಕೇಳಬೇಕು. ತಪ್ಪಾದಾಗಷ್ಟೇ ಕೇಳಿದರೆ ಆ ಮಾತೇ ಬೈಗುಳವಾಗುತ್ತದೆ.

ಐದನೇ ಭೇಟಿಯ ಹೊತ್ತಿಗೆ ಹೊಟ್ಟೆನೋವಿನ ಮಾತಿರಲಿಲ್ಲ; 258 + 167ಕ್ಕೆ 300, 110, 15 ಎಂದು ಬರೆದು 425 ತಂದಿದ್ದ. ಶಾಲೆಯಲ್ಲಿ ಕಳೆಯುವ ಲೆಕ್ಕ ಶುರುವಾಗಿತ್ತು. ಹತ್ತು, ಬಿಡಿ ಎಂದು ಒಡೆಯುವ ಉಪಾಯವನ್ನು ಅಲ್ಲಿಗೆ ಒಯ್ಯಬೇಡಿ ಎಂದು ಎಚ್ಚರಿಸಿದೆವು: 62 – 38ರಲ್ಲಿ 60 – 30 = 30 ಮಾಡಿ, ಎರಡರಿಂದ ಎಂಟು ಹೋಗದೆ 8 – 2 = 6 ಎಂದು ತಿರುಗಿಸಿ 36 ಬರೆಯುತ್ತಾರೆ. ಅದಕ್ಕೆ ಹಿಮ್ಮುಖ ನೆಗೆತವೇ ವಾಸಿ: 62ರಿಂದ 30 ಹಿಂದೆ ನೆಗೆದು 32, ಎರಡು ನೆಗೆದು 30, ಉಳಿದ ಆರಕ್ಕೆ 24.