ತರಕಾರಿ ಗ್ರೇವಿ ನೀರು ನೀರಾಗಿ, ಸಪ್ಪೆಯಾಗಿ ಬರುವುದೇಕೆ?

ರಾತ್ರಿಯ ಊಟಕ್ಕೆ ಮಾಂಸವಿಲ್ಲದ ತರಕಾರಿ ಗ್ರೇವಿ ಮಾಡಿದಾಗಲೆಲ್ಲ ಅದು ನೀರಾಗುತ್ತದೆ, ಎಷ್ಟು ಮಸಾಲೆ ಪುಡಿ ಹಾಕಿದರೂ ಸಪ್ಪೆಯೆನಿಸುತ್ತದೆ ಎಂದು ಬರೆದಿದ್ದೀರಿ. ನನ್ನ ಅಭಿಪ್ರಾಯದಲ್ಲಿ ಕೊರತೆ ಇರುವುದು ಮಸಾಲೆಯಲ್ಲಲ್ಲ. ಈರುಳ್ಳಿಯನ್ನು ಅರೆಬರೆ ಹುರಿದು, ಎಲ್ಲ ತರಕಾರಿಗಳನ್ನೂ ಒಂದೇ ಸಲ ಸುರಿದು ಬೇಯಿಸುವುದರಿಂದ ಹೀಗಾಗುತ್ತದೆ.

ಮೂರು ನಾಲ್ಕು ಜನರಿಗೆ 2 ದೊಡ್ಡ ಈರುಳ್ಳಿ, 2 ಟೊಮೆಟೊ, ಅರ್ಧ ಕಿಲೋ ತರಕಾರಿ ಮತ್ತು 3 ದೊಡ್ಡ ಚಮಚ ಎಣ್ಣೆ ಸಾಕು. ಮಾಂಸದ ಅಡುಗೆಯಲ್ಲಿ ಬೇಯುವ ಮಾಂಸವೇ ರಸ ಬಿಟ್ಟು ರುಚಿ ಕೊಡುತ್ತದೆ. ಇಲ್ಲಿ ಆ ಹೊಣೆ ಈರುಳ್ಳಿಯದು. ಆದ್ದರಿಂದ ಸಣ್ಣಗೆ ಹೆಚ್ಚಿ, ಚಿಟಿಕೆ ಉಪ್ಪು ಹಾಕಿ, ದಪ್ಪ ತಳದ ಬಾಣಲೆಯಲ್ಲಿ ಮಧ್ಯಮ ಉರಿಯಲ್ಲಿ 12ರಿಂದ 15 ನಿಮಿಷ ಹುರಿಯಿರಿ. ಉಪ್ಪಿಗೆ ಅದು ಮೊದಲು ನೀರು ಬಿಟ್ಟು ಮೆತ್ತಗಾಗುತ್ತದೆ, ಆ ನೀರು ಆರಿದ ಮೇಲೆ ಅಂಚುಗಳು ಕೆಂಪಾಗತೊಡಗಿ, ಕೊನೆಗೆ ಇಡೀ ಈರುಳ್ಳಿ ಜೇನಿನ ಬಣ್ಣಕ್ಕೆ ತಿರುಗುತ್ತದೆ. ತಳ ಹಿಡಿಯುವಂತಿದ್ದರೆ ಒಂದು ಚಮಚ ನೀರು ಚಿಮುಕಿಸಿ ಸೌಟಿನಿಂದ ಕೆರೆದುಬಿಡಿ. ಹಾಗೆ ಎದ್ದು ಬಂದ ಕಂದು ಅಂಶದಲ್ಲೇ ಅರ್ಧ ರುಚಿ ಇರುತ್ತದೆ.

ಬಳಿಕ ಶುಂಠಿ ಬೆಳ್ಳುಳ್ಳಿಯನ್ನು ಹಸಿ ವಾಸನೆ ಹೋಗುವವರೆಗೆ ಬಾಡಿಸಿ, ಉರಿ ತಗ್ಗಿಸಿ, ಧನಿಯಾ, ಅರಿಶಿನ, ಮೆಣಸಿನ ಪುಡಿಗಳನ್ನು ಎಣ್ಣೆಯಲ್ಲೇ ಅರ್ಧ ನಿಮಿಷ ತಿರುವಿ. ಮಸಾಲೆಯ ಪರಿಮಳ ಬಹುಪಾಲು ಎಣ್ಣೆಯಲ್ಲಿ ಕರಗುವಂಥದ್ದು. ಕುದಿಯುವ ನೀರಿಗೆ ಉದುರಿಸಿದ ಪುಡಿ ಬಣ್ಣ ಕೊಟ್ಟೀತೇ ಹೊರತು ಅಷ್ಟು ಘಮ ಕೊಡದು. ಆಮೇಲೆ ಟೊಮೆಟೊ ಹಾಕಿ, ಅದು ಕರಗಿ ಅಂಚಿನಲ್ಲಿ ಎಣ್ಣೆ ಬಿಡುವವರೆಗೆ ಬೇಯಿಸಿ.

ಆಲೂಗಡ್ಡೆ, ಕ್ಯಾರೆಟ್‌ಗಳನ್ನು ಮಾತ್ರ ಈ ಮಸಾಲೆಗೆ ಹಸಿಯಾಗಿ ಹಾಕಬೇಡಿ. ಹುಳಿಯಲ್ಲಿ ತರಕಾರಿಯ ನಾರು ಬೇಗ ಮೆತ್ತಗಾಗುವುದಿಲ್ಲ; ಎಷ್ಟು ಕುದಿಸಿದರೂ ಆಲೂಗಡ್ಡೆಯ ನಡುಭಾಗ ಗಟ್ಟಿಯಾಗಿ ಉಳಿಯುವುದು, ಬೇಯಲೆಂದು ಮತ್ತೆ ಮತ್ತೆ ನೀರು ಸುರಿಯುವುದು, ಗ್ರೇವಿ ತೆಳ್ಳಗಾಗುವುದು ಹೀಗೆಯೇ. ಮಸಾಲೆ ಹುರಿಯುವ ಹೊತ್ತಿಗೆ ಅವನ್ನು ಇನ್ನೊಂದು ಪಾತ್ರೆಯಲ್ಲಿ ಮುಳುಗುವಷ್ಟೇ ಉಪ್ಪುನೀರಿನಲ್ಲಿ ಮುಕ್ಕಾಲು ಬೇಯಿಸಿಕೊಂಡು, ಬೇಯಿಸಿದ ನೀರಿನಲ್ಲಿ ಬೇಕಾದಷ್ಟರ ಸಮೇತ ಬಾಣಲೆಗೆ ಸೇರಿಸಿ. ತೊಳೆಯಲು ಒಂದು ಪಾತ್ರೆ ಹೆಚ್ಚುತ್ತದೆ, ನಿಜ, ಆದರೆ ಅದು ಸಾರ್ಥಕ. ಹೂಕೋಸಿಗೆ 7-8 ನಿಮಿಷ ಸಾಕು, ಹೆಚ್ಚು ಬೆಂದರೆ ಗಂಧಕದಂಥ ವಾಸನೆ ಬರುತ್ತದೆ. ಹಸಿ ಬಟಾಣಿ ಕೊನೆಗೆ. ಗ್ರೇವಿ ಮಂದವಾಗಬೇಕಿದ್ದರೆ ಹಿಟ್ಟು ಕಲಸಿ ಹಾಕುವ ಬದಲು, ನಾಲ್ಕೈದು ಆಲೂಗಡ್ಡೆ ಹೋಳುಗಳನ್ನು ಸೌಟಿನ ಹಿಂಬದಿಯಿಂದ ಬಾಣಲೆಯ ಗೋಡೆಗೆ ಒತ್ತಿ ಕಿವುಚಿಬಿಡಿ. ತೆಂಗಿನ ಹಾಲು ಬಳಸುವುದಾದರೆ ಕೊನೆಯಲ್ಲಿ ಸಣ್ಣ ಉರಿಯಲ್ಲಿ ಸೇರಿಸಿ, ಜೋರಾಗಿ ಕುದಿಸಿದರೆ ಒಡೆಯುತ್ತದೆ.

ಬರೀ ತರಕಾರಿಯಿಂದ ಹೊಟ್ಟೆ ತುಂಬಿದಂತೆ ಅನಿಸದಿದ್ದರೆ, ರಾತ್ರಿಯಿಡೀ ನೆನೆಸಿ ಬೇಯಿಸಿದ ಕಾಬೂಲಿ ಕಡಲೆಯನ್ನು ಒಂದು ಕಪ್ ಸೇರಿಸಬಹುದು. ಕೆಂಪು ರಾಜ್ಮಾ ಆದರೆ ನೆನೆಸಿದ ನೀರು ಚೆಲ್ಲಿ, ಹೊಸ ನೀರಿನಲ್ಲಿ ಮೊದಲು ಕನಿಷ್ಠ 10 ನಿಮಿಷ ಜೋರಾಗಿ ಕುದಿಸಿ, ಆಮೇಲೆ ಪೂರ್ತಿ ಬೇಯಿಸಲೇಬೇಕು; ಅರೆಬೆಂದ ರಾಜ್ಮಾ ವಾಂತಿ ಭೇದಿ ತರಿಸುತ್ತದೆ. ಗ್ರೇವಿ ಆರುತ್ತಾ ಇನ್ನಷ್ಟು ಗಟ್ಟಿಯಾಗುವುದರಿಂದ, ನಿಮಗೆ ಬೇಕಾದ ಹದಕ್ಕಿಂತ ತುಸು ತೆಳ್ಳಗಿರುವಾಗಲೇ ಒಲೆ ಆರಿಸಿ, ಮುಚ್ಚಿ, 10 ನಿಮಿಷ ಬಿಟ್ಟು ಬಡಿಸಿ.